ಎಂಆರ್‌ಪಿ ಬಿಡಿ, ಕೆಜಿ ಲೆಕ್ಕ ಹಿಡಿಯಿರಿ: ದಾವಣಗೆರೆಯಲ್ಲಿ ನನ್ನ ವಾರದ ದಿನಸಿ

ಡಿಸ್ಕೌಂಟ್ ಸೂಪರ್ ಮಾರ್ಕೆಟ್‌ಗೆ ಹೋಗಲು ಶುರು ಮಾಡಿದ ಮೇಲೆ ನಮ್ಮ ಬೀದಿಯ ಎಷ್ಟೋ ಮನೆಯವರು ಕಿರಾಣಿ ಅಂಗಡಿಯ ಕಡೆ ತಿರುಗಿಯೂ ನೋಡುತ್ತಿಲ್ಲ. ನಾನು ಹಾಗೆ ಮಾಡಲಿಲ್ಲ. ಯಾವ ಸಾಮಾನು ಸೂಪರ್ ಮಾರ್ಕೆಟ್‌ನಲ್ಲಿ, ಯಾವುದು ಮಂಡಿಪೇಟೆಯ ದಿನಸಿ ಅಂಗಡಿಗಳಲ್ಲಿ ಅಂತ ಪಾಲು ಮಾಡಿಕೊಂಡೆ. ಅತ್ತೆ, ಮಾವ, ನಾವಿಬ್ಬರು, ಮಗಳು, ಇಷ್ಟು ಜನರ ಮನೆ ನಮ್ಮದು. ದಿನಸಿ ಖರ್ಚು ಇಳಿದಿದ್ದು ಈ ಪಾಲಿನಿಂದಲೇ.

ಇಂಥ ಅಂಗಡಿಗಳು ಕಂಪನಿಯಿಂದ ನೇರವಾಗಿ ರಾಶಿಗಟ್ಟಲೆ ಕೊಳ್ಳುತ್ತವೆ. ಒಂದೊಂದು ಸಾಮಾನಿನ ಮೇಲೆ ಕಡಿಮೆ ಲಾಭ ಇಟ್ಟುಕೊಂಡು ಬೇಗ ಬೇಗ ಮಾರುತ್ತವೆ. ಹಾಗಾಗಿ ಸೋಪು, ಪೇಸ್ಟು, ಬಟ್ಟೆ ಪುಡಿ, ಟೀ ಪುಡಿ, ಬಿಸ್ಕತ್ತು ಇವೆಲ್ಲ ಅಲ್ಲಿ ನಿಜವಾಗಿಯೂ ಅಗ್ಗ. ಅದೇ ಸೋಪು, ಅದೇ ತೂಕ, ಅದೇ ಎಂಆರ್‌ಪಿ. ಎಷ್ಟು ಕಡಿಮೆ ಮಾಡಿದರೋ ಅಷ್ಟೂ ನಮಗೆ ಉಳಿಯಿತು. ಇವನ್ನು ನಾನು ಬೇರೆ ಕಡೆ ಕೊಳ್ಳುವುದೇ ಇಲ್ಲ.

ಬೇಳೆಯ ಕಥೆ ಬೇರೆ. ತೊಗರಿಬೇಳೆ ಪ್ಯಾಕೆಟ್ ಮೇಲೆ ಎಂಆರ್‌ಪಿ ಹಾಕುವವರು ಪ್ಯಾಕ್ ಮಾಡಿದವರೇ. ಪೇಟೆಯ ಧಾರಣೆಗಿಂತ ಅದು ಎಷ್ಟೋ ಮೇಲಿರುತ್ತದೆ. ಲೆಕ್ಕಕ್ಕೆ ಅಂತ ಹೇಳುತ್ತೇನೆ: ಒಂದು ಕೆಜಿ ಪ್ಯಾಕೆಟ್ ಮೇಲೆ 220 ರೂಪಾಯಿ ಇದೆ, ಅಂಗಡಿಯವರು 160ಕ್ಕೆ ಕೊಡುತ್ತಾರೆ. ಅರವತ್ತು ರೂಪಾಯಿ ಉಳಿಯಿತು ಅನ್ನಿಸುತ್ತದೆ, ಅಲ್ವಾ? ಅದೇ ದಿನ ಮಂಡಿಪೇಟೆಯಲ್ಲಿ ಅಂಥದ್ದೇ ಬೇಳೆ ಬಿಡಿಯಾಗಿ 145ಕ್ಕೆ ಸಿಕ್ಕರೆ, ಉಳಿದಿದ್ದೇನೂ ಇಲ್ಲ, ಹದಿನೈದು ಜಾಸ್ತಿಯೇ ಕೊಟ್ಟಂತಾಯಿತು. ಬೇಳೆ, ಕಾಳು, ರವೆ, ಒಣಮೆಣಸಿನಕಾಯಿ ಇವಕ್ಕೆ ಎಂಆರ್‌ಪಿಯಲ್ಲಿ ಎಷ್ಟು ಬಿಟ್ಟರು ಅಂತ ನಾನು ನೋಡುವುದಿಲ್ಲ. ಕೆಜಿಗೆ ಎಷ್ಟು ಬಿತ್ತು ಅನ್ನುವುದೊಂದೇ ಲೆಕ್ಕ.

ಬಿಡಿ ಸಾಮಾನು ಅಗ್ಗವಾಗಲು ತೆರಿಗೆಯೂ ಒಂದು ಕಾರಣ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5ರಷ್ಟು ಜಿಎಸ್‌ಟಿ ಇದೆ. ಬಿಡಿಯಾಗಿ ತೂಗಿ ಕೊಟ್ಟರೆ ಇಲ್ಲ. 25 ಕೆಜಿಗಿಂತ ದೊಡ್ಡ ಚೀಲಕ್ಕೂ ಇಲ್ಲ. 26 ಕೆಜಿಯ ಅಕ್ಕಿ ಚೀಲಗಳು ಯಾಕೆ ಬಂದವು ಅಂತ ಈಗ ಗೊತ್ತಾಯಿತಲ್ಲ. ನಾವು ಅಕ್ಕಿಯನ್ನು ವಾರದ ಪಟ್ಟಿಯಿಂದಲೇ ತೆಗೆದು ಚೀಲದ ಲೆಕ್ಕಕ್ಕೆ ಹಾಕಿದ್ದೇವೆ. ಭದ್ರಾ ನಾಲೆಯ ಭತ್ತ ನಮ್ಮ ಸುತ್ತಲೇ ಬೆಳೆಯುವಾಗ ಐದು ಕೆಜಿ ಬಣ್ಣದ ಪ್ಯಾಕೆಟ್‌ಗೆ ದುಡ್ಡು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಕೊಳ್ಳುವಾಗ ಹಳೆ ಅಕ್ಕಿಯೇ ಬೇಕು ಅಂತ ಕೇಳಿ ತರುತ್ತೇವೆ. ಕೆಜಿಗೆ ಒಂದೆರಡು ರೂಪಾಯಿ ಜಾಸ್ತಿಯಾದರೂ ಹಳೆ ಅಕ್ಕಿ ಒದಗುತ್ತದೆ, ಅನ್ನ ಉದುರುದುರಾಗಿರುತ್ತದೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಪಾವಿನ ಲೆಕ್ಕವೂ ಏರುತ್ತದೆ.

ಜೋಳದ ವಿಷಯದಲ್ಲಿ ಅತ್ತೆಯವರ ಮಾತೇ ಕೊನೆ. ‘ಪ್ಯಾಕೆಟ್ ಹಿಟ್ಟಿನಾಗೆ ಜಿಗಿ ಇರಲ್ಲಮ್ಮ, ರೊಟ್ಟಿ ಹರೀತಾವೆ’ ಅನ್ನುತ್ತಾರೆ. ಅವರು ಹೇಳುವುದು ಸರಿ. ಬೀಸಿ ಬಹಳ ದಿನವಾದ ಹಿಟ್ಟು ತಟ್ಟುವಾಗ ಅಂಚು ಒಡೆಯುತ್ತದೆ. ಹಾಳಾದ ರೊಟ್ಟಿಯೂ ಖರ್ಚೇ. ಜೋಳ ತಂದು ಹಸನು ಮಾಡಿ, ವಾರಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಹಾಕಿಸುತ್ತೇವೆ. ಬೀಸುವ ಕೂಲಿ ಸೇರಿಸಿದರೂ ಪ್ಯಾಕೆಟ್ ಹಿಟ್ಟಿಗಿಂತ ಕಡಿಮೆಯೇ ಬೀಳುತ್ತದೆ.

ಸೂಪರ್ ಮಾರ್ಕೆಟ್‌ನಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಲ್ಲುವುದು ಎಣ್ಣೆಯ ಮುಂದೆ. ಎಲ್ಲ ಪ್ಯಾಕೆಟ್‌ಗಳೂ ನೋಡಲು ಒಂದೇ ಗಾತ್ರ, ಆದರೆ ಒಳಗಿರುವುದು ಒಂದೇ ಅಳತೆ ಅಲ್ಲ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಅಳತೆ ಗ್ರಾಂನಲ್ಲಿ ಬರೆದಿದ್ದರೆ ಇದಕ್ಕೆ ಹೋಲಿಸಿ ನೋಡುತ್ತೇನೆ. ಕೆಲವು ಪ್ಯಾಕೆಟ್‌ಗಳಲ್ಲಿ 850 ಮಿಲಿ ಅಥವಾ ಇನ್ನೂ ಕಡಿಮೆ ಇರುತ್ತದೆ. ಐದು ರೂಪಾಯಿ ಅಗ್ಗ ಅಂತ ಅದನ್ನು ಎತ್ತಿಕೊಂಡರೆ ನಮಗೇ ನಷ್ಟ. ಪ್ಯಾಕೆಟ್‌ನ ಸಣ್ಣ ಅಕ್ಷರದಲ್ಲಿ ಒಂದು ಗ್ರಾಂಗೆ, ಒಂದು ಮಿಲಿಗೆ ಎಷ್ಟು ಅನ್ನುವ ಬೆಲೆಯೂ ಇರುತ್ತದೆ. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕೆಜಿ ಲೆಕ್ಕ. ಆದರೆ ಅದು ಎಂಆರ್‌ಪಿಯಿಂದ ತೆಗೆದ ಲೆಕ್ಕ. ಅಂಗಡಿಯ ದರಕ್ಕೆ ಮೊಬೈಲ್‌ನಲ್ಲಿ ನಾವೇ ಭಾಗಿಸಿ ನೋಡಬೇಕು. ಕಡಲೆಕಾಯಿ ಎಣ್ಣೆಯನ್ನು ಮಾತ್ರ ಅಲ್ಲಿ ಕೊಳ್ಳುವುದಿಲ್ಲ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯ ಕಡೆಯಿಂದ ನೆಂಟರು ಬರುವಾಗ ಒಂದು ಡಬ್ಬ ತರಿಸಿಕೊಳ್ಳುತ್ತೇವೆ.

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದನ್ನೂ ನಂಬಬೇಡಿ. ಶಾಂಪೂ ತೆಗೆದುಕೊಳ್ಳಿ. ಮಿಲಿ ಲೆಕ್ಕ ಹಾಕಿದರೆ ಎಷ್ಟೋ ಸಲ ಬಾಟಲಿಗಿಂತ ಸಣ್ಣ ಸ್ಯಾಶೆಯೇ ಅಗ್ಗ ಬೀಳುತ್ತದೆ. ಮಗಳು ಬಾಟಲಿಯಿಂದ ಸುರಿದುಕೊಳ್ಳುವ ಹಾಗೆ ಸ್ಯಾಶೆಯಿಂದ ಸುರಿದುಕೊಳ್ಳಲೂ ಆಗುವುದಿಲ್ಲ.

ಈ ದರಗಳನ್ನೆಲ್ಲ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಸಾಮಾನು, ಅಂಗಡಿ, ಕೆಜಿಗೆ ಎಷ್ಟು, ಅಷ್ಟೇ. ‘ಒಂದು ಕೊಂಡರೆ ಒಂದು ಉಚಿತ’ ಬೋರ್ಡ್ ಕಂಡಾಗ ಪುಸ್ತಕ ತೆಗೆದರೆ ನಿಜ ಗೊತ್ತಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಪೇಸ್ಟಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ, ತುಪ್ಪ, ಬೆಣ್ಣೆಯದು 12ರಿಂದ 5ಕ್ಕೆ ಇಳಿಯಿತು. ಆಗ ಆ ಪುಟಗಳನ್ನು ಹೊಸದಾಗಿ ಬರೆದೆ. ಹಳೆ ದರ ಇಟ್ಟುಕೊಂಡಿದ್ದರೆ ತೆರಿಗೆ ಇಳಿದಿದ್ದನ್ನೇ ಅಂಗಡಿಯ ಆಫರ್ ಅಂದುಕೊಳ್ಳಬೇಕಾಗುತ್ತಿತ್ತು.

ಅಂಗಡಿಗೆ ವಾರದ ನಡುವೆ ಬೆಳಿಗ್ಗೆ ಹೋಗುತ್ತೇನೆ. ಭಾನುವಾರದ ನೂಕುನುಗ್ಗಲಿನಲ್ಲಿ ನಿಂತು ಲೆಕ್ಕ ಹಾಕಲು ಆಗುವುದಿಲ್ಲ. ಟ್ರಾಲಿ ಹಿಡಿಯುವುದಿಲ್ಲ, ಕೈ ಬುಟ್ಟಿ ಸಾಕು. ಭಾರ ಆದಾಗ ಕೈಯೇ ಸಾಕು ಅನ್ನುತ್ತದೆ. ಚೀಲ ಮನೆಯದೇ. ಕುರುಕಲು ತಿಂಡಿಯ ಸಾಲಿಗೆ ಸುಮ್ನೆ ಕೂಡ ಹೋಗುವುದಿಲ್ಲ. ಮಂಡಕ್ಕಿ ಭಟ್ಟಿಗಳ ಊರಲ್ಲಿದ್ದು ಗಾಳಿ ತುಂಬಿದ ಚಿಪ್ಸ್ ಪ್ಯಾಕೆಟ್ ಯಾಕೆ ತರಬೇಕು? ಮಂಡಕ್ಕಿ, ಒಗ್ಗರಣೆ, ಹುರಿಗಡಲೆ ಪುಡಿ, ಹೆಚ್ಚಿದ ಈರುಳ್ಳಿ ಇದ್ದರೆ ಸಂಜೆಯ ತಿಂಡಿ ಮನೆಮಂದಿಗೆಲ್ಲ ಆಯಿತು.

ಈರುಳ್ಳಿ ಅಂದೆ. ಮಳೆಗಾಲದ ಕೊನೆಗೆ ಚಿತ್ರದುರ್ಗದ ಕಡೆಯಿಂದ ಬರುವ ಈರುಳ್ಳಿ ಅಗ್ಗ ಸಿಕ್ಕರೂ ಮೂಟೆ ತರಬೇಡಿ. ಅದರಲ್ಲಿ ನೀರಿನ ಅಂಶ ಜಾಸ್ತಿ, ಬೇಗ ಕೊಳೆಯುತ್ತದೆ. ವಾರಕ್ಕಾಗುವಷ್ಟು ಸಾಕು. ಕೂಡಿಡುವುದಾದರೆ ಬೇಸಿಗೆಯ ಈರುಳ್ಳಿ. ತೊಗರಿಬೇಳೆಗೂ ಒಂದು ಕಾಲ ಇದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಕಲಬುರಗಿ ಕಡೆಯ ಹೊಸ ತೊಗರಿ ಪೇಟೆಗೆ ಬರುತ್ತದೆ. ಅದಾದ ಮೇಲೆ ಬರುವ ಹೊಸ ಬೇಳೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಆಗ ಸ್ವಲ್ಪ ಜಾಸ್ತಿ ತಂದು, ಬಿಸಿಲಿಗೆ ಹಾಕಿ, ಒಣಮೆಣಸಿನಕಾಯಿ ಜೊತೆ ಡಬ್ಬಕ್ಕೆ ತುಂಬುತ್ತೇನೆ.

ಬಿಲ್ಲನ್ನು ಕೌಂಟರ್ ದಾಟುವ ಮುಂಚೆಯೇ ಓದುತ್ತೇನೆ. ಶೆಲ್ಫ್ ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬಂದದ್ದುಂಟು. ಆಫರ್ ಮುಗಿದಿರುತ್ತದೆ, ಚೀಟಿ ತೆಗೆದಿರುವುದಿಲ್ಲ. ಸಮಾಧಾನದಿಂದ ತೋರಿಸಿದಾಗ ಸರಿ ಮಾಡಿಕೊಟ್ಟಿದ್ದಾರೆ. ಎಲ್ಲೇ ಆಗಲಿ, ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ ಬಿಲ್ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.