ಕಾಡಿಗೆ ಬೆಂಕಿ ಬೀಳುವ ಮೊದಲೇ ಊರಿನ ಪರಿಸರ ಬಳಗ ಏನು ಮಾಡಬಹುದು?

ಕಾಡಿಗೆ ಬೆಂಕಿ ಬಿದ್ದಾಗ ಹಸಿ ಸೊಪ್ಪು ಹಿಡಿದು ಬಡಿಯುವವರ ಫೋಟೊ ಪೇಪರಿನಲ್ಲಿ ಬರುತ್ತದೆ. ಮೂರು ತಿಂಗಳು ಮೊದಲೇ ತರಗೆಲೆ ಗುಡಿಸಿದವರದ್ದು ಬರುವುದಿಲ್ಲ. ಊರಿನ ಬಳಗದ ಕೆಲಸ ಮಾತ್ರ ಈ ಗುಡಿಸುವುದೇ. ಹೊತ್ತಿದ ಮೇಲೆ ಆರಿಸುವುದನ್ನು ತರಬೇತಿ ಪಡೆದವರಿಗೆ ಬಿಡಿ.

ಬೆಂಕಿಗೆ ಶಾಖ, ಗಾಳಿ, ಉರುವಲು ಮೂರೂ ಬೇಕು. ಗಾಳಿ ನಮ್ಮ ಮಾತು ಕೇಳುವುದಿಲ್ಲ. ಕಿಡಿ ಮತ್ತು ಉರುವಲು ಒಂದಷ್ಟು ನಮ್ಮ ಕೈಯಲ್ಲಿವೆ.

ಮೊದಲು ನಡೆದು ನೋಡಿ

ಒಣಗಾಲ ಶುರುವಾಗುವ ಮುಂಚೆ ಕಾಡಂಚಿನ ಉದ್ದಕ್ಕೂ ನಡೆಯಿರಿ. ಹುಲ್ಲು ಎಲ್ಲಿ ಜಾಸ್ತಿ, ನೀರು ಎಲ್ಲಿ ಸಿಗುತ್ತದೆ, ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಜನ ಎಲ್ಲಿ ಕೂತು ಅಡುಗೆ ಮಾಡುತ್ತಾರೆ ಎಂದು ನಕ್ಷೆಯಲ್ಲಿ ಗುರುತು ಹಾಕಿ. ಇಳಿಜಾರನ್ನು ಮರೆಯಬೇಡಿ. ಏರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಗುಡ್ಡದ ಬುಡದಲ್ಲಿ ಒಣಹುಲ್ಲು, ನೆತ್ತಿಯಲ್ಲಿ ಮನೆ ಇದ್ದರೆ ಆ ಜಾಗಕ್ಕೇ ಮೊದಲ ಸರದಿ. ಜಾಗ ಯಾರದೋ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಸಣ್ಣ ಕಡ್ಡಿಯನ್ನು ಹೆಕ್ಕಿ, ದಿಮ್ಮಿಯನ್ನು ಬಿಡಿ

ಹೊಸ ಸ್ವಯಂಸೇವಕರ ಕಣ್ಣು ಮೊದಲು ಬೀಳುವುದು ದೊಡ್ಡ ದಿಮ್ಮಿಗಳ ಮೇಲೆ. ಸುಮ್ನೆ ಬೆನ್ನು ನೋವು, ಅಷ್ಟೇ. ಬೆಂಕಿಯನ್ನು ಓಡಿಸುವುದು ಹುಲ್ಲು, ತರಗೆಲೆ, ಪೆನ್ಸಿಲ್‌ಗಿಂತ ಸಪೂರದ ಕಡ್ಡಿ. ಇವು ಒಂದು ಗಂಟೆಯಲ್ಲೇ ಗರಿಗರಿಯಾಗಿ ಒಣಗಬಲ್ಲವು. ಬೆಳಗ್ಗೆ ಇಬ್ಬನಿಯಲ್ಲಿ ತೊಯ್ದಿದ್ದ ಹುಲ್ಲು ಮಧ್ಯಾಹ್ನ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ದಪ್ಪ ದಿಮ್ಮಿ ಒಣಗಲು ವಾರಗಟ್ಟಲೆ ಬೇಕು. ಅದರ ಅಡಿಯಲ್ಲಿ ಕಪ್ಪೆ, ಜೀರುಂಡೆ, ಅಣಬೆಗಳ ಸಂಸಾರವೂ ಇರುತ್ತದೆ. ಮನೆಗೆ ಅಂಟಿಕೊಂಡಿಲ್ಲದಿದ್ದರೆ ಅದು ಅಲ್ಲೇ ಇರಲಿ.

ಆಮೇಲೆ ಮರಗಳ ಕೆಳಕೊಂಬೆ. ನೆಲದಿಂದ ಸುಮಾರು 2 ಮೀಟರ್‌ವರೆಗೆ ಸವರಿದರೆ, ನೆಲದ ಬೆಂಕಿ ಏಣಿ ಹತ್ತಿದಂತೆ ನೆತ್ತಿಗೆ ಏರುವುದು ತಪ್ಪುತ್ತದೆ. ಗಿಡ ಚಿಕ್ಕದಾಗಿದ್ದರೆ ಅದರ ಎತ್ತರದ ಮೂರನೇ ಒಂದು ಭಾಗ ಮಾತ್ರ ಸವರಿ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಕತ್ತಿ ಒಳಗಿಡಿ. ಹಳ್ಳದ ದಂಡೆಯ ಹಸಿರನ್ನಂತೂ ಮುಟ್ಟಬೇಡಿ.

ಬೆಂಕಿ ರೇಖೆ

ಮಣ್ಣು ಕಾಣುವವರೆಗೆ ಕೆರೆದ ಪಟ್ಟಿಯೇ ಬೆಂಕಿ ರೇಖೆ. ಎಷ್ಟು ಅಗಲ? ಪಕ್ಕದ ಹುಲ್ಲು, ಪೊದೆಯ ಎತ್ತರದ ಒಂದೂವರೆ ಪಟ್ಟಾದರೂ ಇರಲಿ. ಕೆರೆದ ಕಸವನ್ನು ಅಂಚಿನಲ್ಲೇ ಗುಡ್ಡೆ ಹಾಕಿದರೆ ಬೆಂಕಿಗೆ ಊಟ ಬಡಿಸಿಟ್ಟ ಹಾಗೆ, ದೂರ ಸಾಗಿಸಿ. ಎಲೆ ಮತ್ತೆ ಉದುರುತ್ತದೆ, ಮತ್ತೆ ಗುಡಿಸಬೇಕು. ಅರ್ಧದಷ್ಟು ಬಳಗಗಳು ಸೋಲುವುದು ಈ ಎರಡನೇ ಸುತ್ತಿನಲ್ಲೇ ಅನಿಸುತ್ತದೆ.

ಜೋರು ಗಾಳಿಗೆ ಕೆಂಡ ರೇಖೆಯನ್ನು ದಾಟಿ ಒಂದು ಕಿಲೋಮೀಟರ್‌ಗಿಂತಲೂ ಆಚೆ ಹಾರಬಹುದು. ಹಾಗಾಗಿ ಮನೆಯ ಗೋಡೆಯಿಂದ 1.5 ಮೀಟರ್‌ವರೆಗೆ ಸುಡುವಂಥದ್ದು ಏನೂ ಬೇಡ. ಸೂರಿನ ದೋಣಿಯಲ್ಲಿ ಕೂತ ಒಣ ಎಲೆ ತೆಗೆಸಿ. ಎಷ್ಟೋ ಮನೆಗಳು ಕಾಡಿನ ಜ್ವಾಲೆ ಹತ್ತಿರ ಬರುವ ಮೊದಲೇ ಇಂಥ ಕೆಂಡದಿಂದ ಹೊತ್ತಿಕೊಳ್ಳುತ್ತವೆ.

ಕಿಡಿ ಕಾಯುವುದು

ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಆ ಕೆಲಸ ಬೆಳಗ್ಗೆಯೇ ಮುಗಿಯಲಿ. ಬಿಸಿಯಾದ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಒಲೆ ಹಚ್ಚಿದ ಪ್ರವಾಸಿಗರಿಗೆ ಬೈಯುವ ಬದಲು ಆರಿಸುವುದನ್ನು ತೋರಿಸಿ. ಧಾರಾಳವಾಗಿ ನೀರು ಸುರಿದು, ಬೂದಿ ಕದಡಿ, ಮತ್ತೆ ಸುರಿಯಬೇಕು. ಕೊನೆಗೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬೆಚ್ಚಗಿದ್ದರೆ ಇನ್ನೂ ಆರಿಲ್ಲ.

ದೂರದ ಬೆಂಕಿಯ ಪತ್ತೆಗೆ ನಾಸಾದ 'ಫರ್ಮ್ಸ್' ಎಂಬ ಜಾಲತಾಣ ನೆರವಾಗುತ್ತದೆ. ಉಪಗ್ರಹ ಕಂಡ ಬಿಸಿ ಜಾಗಗಳ ಮಾಹಿತಿ ಸುಮಾರು 3 ಗಂಟೆಯೊಳಗೆ ಉಚಿತವಾಗಿ ಸಿಗುತ್ತದೆ. ಮೋಡದ ಕೆಳಗಿನ ಸಣ್ಣ ಬೆಂಕಿ ಅದಕ್ಕೆ ಕಾಣದು. ಗುಡ್ಡದ ಮೇಲೊಬ್ಬರು ಕಾವಲು ಇರಲೇಬೇಕು.

ಎಲ್ಲ ಬೆಂಕಿಯೂ ಶತ್ರುವೇ?

ಅಲ್ಲ. 1935ರಲ್ಲಿ ಅಮೆರಿಕದ ಅರಣ್ಯ ಸೇವೆ, ಕಂಡ ಬೆಂಕಿಯನ್ನೆಲ್ಲ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂದು ನಿಯಮ ಮಾಡಿತು. ದಶಕಗಟ್ಟಲೆ ಉರುವಲು ಕೂಡಿ ಆಮೇಲಿನ ಬೆಂಕಿಗಳು ಇನ್ನಷ್ಟು ಉಗ್ರವಾದವು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ತಂಪು ಹೊತ್ತಿನಲ್ಲಿ ಸಣ್ಣಸಣ್ಣ ಬೆಂಕಿ ಹಾಕುತ್ತ ಬಂದಿದ್ದಾರೆ. ಹಾಗಂತ ನೀವೇ ಬೆಂಕಿಪೊಟ್ಟಣ ಹಿಡಿದು ಹೊರಡಬೇಡಿ. ಕೆಲವು ಕಾಡುಗಳು ಪದೇಪದೇ ಸುಟ್ಟರೆ ಪೊದೆ ಸತ್ತು ಬರೀ ಹುಲ್ಲಾಗುತ್ತವೆ. ಇದು ಪರಿಣತರು ಅನುಮತಿ ಪಡೆದು ಮಾಡುವ ಕೆಲಸ.

ಸುಟ್ಟ ಮೇಲೆ

ಬೂದಿ ಸರಿಸಿ ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹೀರದೆ ಮುತ್ತಿನಂತೆ ನಿಂತರೆ, ಮಳೆ ಬಂದಾಗ ಆ ಇಳಿಜಾರು ಕೊಚ್ಚಿಹೋಗುವ ಸಾಧ್ಯತೆ ಹೆಚ್ಚು. ಹುಲ್ಲು ಹೊದಿಸಿ, ಬಿದ್ದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಡಿ. ದಾರಿಯ ಮೇಲೆ ಬೀಳುವಂತಿಲ್ಲದ ಸತ್ತ ಮರಗಳನ್ನು ಕಡಿಯಬೇಡಿ, ಮರಕುಟಿಗಗಳಿಗೆ ಬೇಕು. ಸಸಿ ನೆಡಲು ಅವಸರ ಮಾಡದೆ ಒಂದು ಮಳೆಗಾಲ ಕಾದು ನೋಡಿ, ಎಷ್ಟೋ ಬುಡಗಳು ತಾವೇ ಚಿಗುರುತ್ತವೆ. ಲಂಟಾನದಂಥ ಕಳೆಗೆ ಮಾತ್ರ ಕಾಯಬೇಡಿ, ಬೀಜ ಕಟ್ಟುವ ಮೊದಲೇ ಬೇರುಸಹಿತ ಕಿತ್ತುಬಿಡಿ.