ಬಲಮುರಿಗೆ ಹೊರಟ ಬೇಕರಿ ತಿಂಡಿ: ನಾನು ಕಟ್ಟುವ ಬಗೆ

ನಮ್ಮ ಬಳಗ ಹೊರಗೆ ಊಟಕ್ಕೆ ಹೊರಟರೆ ಪುಳಿಯೋಗರೆ, ಮೊಸರನ್ನ ಬೇರೆಯವರ ಪಾಲು, ಬೇಕರಿ ತಿಂಡಿ ನನ್ನ ಪಾಲು. ಮೈಸೂರಿನಿಂದ ಕಾವೇರಿ ದಂಡೆಯ ಬಲಮುರಿ ಏನೂ ದೂರವಿಲ್ಲ. ಆದರೆ ಬೆಳಗ್ಗೆ ಕಟ್ಟಿದ್ದನ್ನು ಬಿಚ್ಚುವುದು ಎಲ್ಲರೂ ನೀರಾಡಿ ಹಸಿದು ಬಂದ ಮೇಲೆ, ಮಧ್ಯಾಹ್ನಕ್ಕೆ. ಅದಕ್ಕೇ ಮನೆಯ ಮೇಜಿನ ಮೇಲೆ ಪೊಟ್ಟಣ ಎಷ್ಟು ಚೆನ್ನಾಗಿ ಕಂಡಿತು ಅನ್ನುವುದನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಮರದ ಕೆಳಗೆ ಬಿಚ್ಚಿದಾಗ ಹೇಗಿರುತ್ತದೆ ಅನ್ನುವುದೇ ಮುಖ್ಯ.

ಕ್ರೀಮ್ ಹಚ್ಚಿದ ಕೇಕು ಬೇಡವೇ ಬೇಡ. ಬೆಣ್ಣೆ 32ರಿಂದ 35 ಡಿಗ್ರಿಗೆಲ್ಲ ಕರಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾವು. ನಾನು ಒಯ್ಯುವುದು ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ಬಾಳೆಹಣ್ಣಿನ ಕೇಕು, ಇಷ್ಟೇ. ಎಲ್ಲವನ್ನೂ ಹಿಂದಿನ ಸಂಜೆಯೇ ಮಾಡಿ ಜಾಲರಿ ಮೇಲೆ ಪೂರ್ತಿ ಆರಲು ಬಿಡುತ್ತೇನೆ. ಕೇಕು ಮುಟ್ಟಿದರೆ ತಣ್ಣಗಿರುತ್ತದೆ, ನಡುವೆ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಹಾಗೇ ಕಟ್ಟಿದರೆ ಹಬೆ ಒಳಗೇ ನೀರಾಗಿ ಕಾಗದವೆಲ್ಲ ಒದ್ದೆ.

ಕೇಕು, ಬಿಸ್ಕತ್ತು ಎರಡನ್ನೂ ಒಂದೇ ಡಬ್ಬಿಗೆ ಹಾಕಬಾರದು. ಕೇಕಿನ ಪಸೆ ಎಳೆದುಕೊಂಡು ಬಿಸ್ಕತ್ತು ಮೆತ್ತಗಾಗುತ್ತದೆ, ಹಸಿಮೆಣಸಿನಕಾಯಿ ವಾಸನೆ ಕೇಕಿಗೆ ಅಂಟುತ್ತದೆ. ಎರಡು ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. ತಿಂಡಿ ಕಾಯುವ ಕೆಲಸ ಡಬ್ಬಿಯದು, ಅಂದದ ಕೆಲಸ ಕಾಗದದ್ದು. ಬರೀ ಕಾಗದದ ಮೇಲೆ ಎರಡೂ ಹೊರೆ ಹೊರಿಸಿದರೆ ದಾರಿಯಲ್ಲೇ ಎಲ್ಲ ಪುಡಿ.

ಬೆಣ್ಣೆ ಬಿಸ್ಕತ್ತು ತುಂಬಾ ನಾಜೂಕು, ಬೆರಳಲ್ಲಿ ಸ್ವಲ್ಪ ಒತ್ತಿದರೂ ಉದುರುತ್ತದೆ. ಅವನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿ ಮಾಡಿ, ಮೂರು ಜೋಡಿ ಸಾಲಾಗಿಟ್ಟು, ಬಟರ್ ಪೇಪರ್‌ನಲ್ಲಿ ಉರುಳೆ ಸುತ್ತುತ್ತೇನೆ. ಎರಡೂ ತುದಿ ತಿರುಚಿದರೆ ದೊಡ್ಡ ಚಾಕೊಲೇಟ್ ಥರ ಕಾಣುತ್ತದೆ. ಒಬ್ಬರಿಗೆ ಒಂದು ಉರುಳೆ. ಖಾರಾ ಬಿಸ್ಕತ್ತು ಗಟ್ಟಿ. ಅದಕ್ಕೆ ದಿನಸಿ ಅಂಗಡಿಯವರು ಜೀರಿಗೆ ಕಟ್ಟಿಕೊಡುತ್ತಿದ್ದಂಥ ಪೊಟ್ಟಣ ಸಾಕು: ಒಳಗೆ ಬಟರ್ ಪೇಪರ್, ಹೊರಗೆ ಕಂದು ಕಾಗದ. ಹಳೇ ಪೇಪರ್ ಮಾತ್ರ ಬೇಡ, ಮಸಿ ತಿಂಡಿಗೆ ಇಳಿಯುತ್ತದೆ. ಪಿನ್ ಹೊಡೆಯುವುದೂ ಇಲ್ಲ, ಮಕ್ಕಳ ಬಾಯಿಗೆ ಹೋದರೆ ಗತಿ?

ಕಟ್ಟಲು ಬಾಳೆನಾರು. ಹೂ ಕಟ್ಟುವವರ ಹತ್ತಿರ ಕೇಳಿದರೆ ಒಂದು ಹಿಡಿ ಕೊಡುತ್ತಾರೆ. ಒಣಗಿದ್ದು ಪಟ್ ಅಂತ ಹರಿಯುತ್ತದೆ. ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಉಗುರಿನಿಂದ ಸೀಳಿದರೆ ಹೇಳಿದ ಹಾಗೆ ಕೇಳುತ್ತದೆ. ಖಾರದ ಪೊಟ್ಟಣದ ಗಂಟಿಗೆ ಒಂದು ಎಸಳು ಕರಿಬೇವು ಸಿಕ್ಕಿಸುತ್ತೇನೆ. ಚೀಟಿ ಬರೆದು ಅಂಟಿಸಬೇಕಿಲ್ಲ, ಯಾವುದು ಖಾರ ಅಂತ ಪುಟ್ಟ ಮಕ್ಕಳಿಗೂ ಗೊತ್ತಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲೆ ಬಾಡಿರುತ್ತದೆ, ಪರವಾಗಿಲ್ಲ, ಘಮ ಇರುತ್ತದಲ್ಲ.

ಮಿರಿಮಿರಿ ಹಾಳೆ ಸುತ್ತಿ ರಿಬ್ಬನ್ ಕಟ್ಟಿದರೆ ಚೆನ್ನಾಗಿರುತ್ತೆ ಅನ್ನುವವರಿದ್ದಾರೆ. ಸಿಹಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ತಟ್ಟೆ, ಚಮಚ ಎಲ್ಲಕ್ಕೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ. ನಿಷೇಧ ಇಲ್ಲದಿದ್ದರೂ ನಾನು ಸುತ್ತುತ್ತಿರಲಿಲ್ಲ ಬಿಡಿ. ನಂದಿಬೆಟ್ಟ, ಚಾಮುಂಡಿಬೆಟ್ಟದಂಥ ಕಡೆ ಪರಪರ ಸದ್ದು ಕೇಳಿದರೆ ಸಾಕು, ನಮಗಿಂತ ಮೊದಲು ಕೋತಿ ಹಾಜರ್. ಮುಚ್ಚಳ ಬಿಗಿಯಾದ ಡಬ್ಬಿ, ಅದರ ಮೇಲೊಂದು ಬಟ್ಟೆ ಚೀಲ, ಸದ್ದಿಲ್ಲ ಗದ್ದಲವಿಲ್ಲ.

ಕೇಕನ್ನು ಮನೆಯಲ್ಲಿ ಹೋಳು ಮಾಡಿದರೂ ಬಿಡಿಸುವುದಿಲ್ಲ. ಹೋಳುಗಳ ನಡುವೆ ಬಟರ್ ಪೇಪರ್ ಪಟ್ಟಿ ಇಳಿಸಿ, ಮತ್ತೆ ಒತ್ತಿ ಇಡೀ ಕೇಕಿನ ಆಕಾರಕ್ಕೆ ತಂದು ಡಬ್ಬಿಗಿಡುತ್ತೇನೆ. ಹಾಗಿಟ್ಟರೆ ಅಂಚು ಒಣಗುವುದಿಲ್ಲ. ಸಂದಿ ಉಳಿದರೆ ಒಗೆದ ಕರವಸ್ತ್ರ ಮಡಚಿ ತುರುಕುತ್ತೇನೆ, ಅಲುಗಾಡುವುದಿಲ್ಲ, ಆಮೇಲೆ ಕೈ ಒರೆಸುವುದಕ್ಕೂ ಆಯಿತು. ಡಬ್ಬಿ ಡಿಕ್ಕಿಗೆ ಹೋಗುವುದಿಲ್ಲ, ಮುಂದಿನ ಸೀಟಿನ ಹಿಂದೆ ಕಾಲಿಡುವ ಜಾಗದಲ್ಲಿ ನೆರಳಲ್ಲಿ ಕೂರುತ್ತದೆ.

ಸಿಂಗಾರವೆಲ್ಲ ಅಲ್ಲಿ ಹೋದ ಮೇಲೆಯೇ. ಅಡಿಕೆ ಹಾಳೆ ತಟ್ಟೆಯಲ್ಲಿ ಕೇಕಿನ ಹೋಳು ಜೋಡಿಸಿ, ಸಣ್ಣ ಕರಡಿಗೆಯಲ್ಲಿ ಒಯ್ದ ಸಕ್ಕರೆ ಪುಡಿಯನ್ನು ಟೀ ಸೋಸುವ ಜರಡಿಗೆ ಹಾಕಿ ಮೆಲ್ಲಗೆ ತಟ್ಟುತ್ತೇನೆ. ಮನೆಯಲ್ಲೇ ಉದುರಿಸಿದರೆ ಕೇಕಿನ ಪಸೆಗೆ ಕರಗಿ ಅಂಟಂಟಾಗುತ್ತದೆ. ಇಲ್ಲಿ ಕಂದು ಹೋಳಿನ ಮೇಲೆ ಬೆಳ್ಳಗೆ ಕೂರುತ್ತದೆ. ಮಕ್ಕಳು ಜರಡಿ ನಂಗೆ, ನಂಗೆ ಅಂತ ಕಿತ್ತಾಡುತ್ತಾರೆ, ಕೊಟ್ಟುಬಿಡಿ.

ಇರುವೆಗೆ ಅಜ್ಜಿಯರ ಉಪಾಯವೇ ಸರಿ. ಅಗಲವಾದ ತಟ್ಟೆಗೆ ಒಂದಿಷ್ಟು ನೀರು, ನಡುವೆ ಡಬ್ಬಿ. ತಟ್ಟೆ ಪಕ್ಕದ ಹುಲ್ಲು ಡಬ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ, ಅದನ್ನೇ ಸೇತುವೆ ಮಾಡಿಕೊಂಡು ಹತ್ತಿಬಿಡುತ್ತವೆ. ತಿಂದಾದ ಮೇಲೆ ಕಾಗದ, ನಾರು, ಹಾಳೆ ತಟ್ಟೆ ಎಲ್ಲ ಅದೇ ಬಟ್ಟೆ ಚೀಲಕ್ಕೆ ಬಂದು ಮನೆ ಸೇರುತ್ತವೆ. ಹಾಳೆ ತಟ್ಟೆಯನ್ನು ಚೂರು ಮಾಡಿ ಗೊಬ್ಬರದ ಗುಂಡಿಗೆ ಹಾಕಿದರೆ ಆಯಿತು.