ಹಿಟ್ಟು, ಮೇಣ, ಕೊಂಬು: ಯೆಹೂದ್ಯ ಸಭಾಮಂದಿರದಲ್ಲಿ ಬೇಸಿಗೆಯ ಕಲಿಕೆ ನಡೆಸುವುದು ಹೇಗೆ

ಅಮೆರಿಕದ ಯೆಹೂದ್ಯ ಸಭಾಮಂದಿರಗಳಲ್ಲಿ ಮಕ್ಕಳ ಧರ್ಮಶಾಲೆ ಜೂನ್ ಹೊತ್ತಿಗೆ ಮುಚ್ಚಿ ಸೆಪ್ಟೆಂಬರಿನಲ್ಲಿ ತೆರೆಯುತ್ತದೆ. ನಡುವಿನ ಹತ್ತು ಹನ್ನೆರಡು ವಾರ ಅಪ್ಪ, ಅಮ್ಮ, ಅಜ್ಜಿ, ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದಕ್ಕೆ ಒಳ್ಳೆಯ ಕಾಲ. ಹೆಚ್ಚಿನ ಕಡೆ ಇದು ಎಡವುವುದು ಎರಡು ವಿಷಯದಲ್ಲಿ. ಒಂದು, ಶಾಲೆಯ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡುತ್ತಾರೆ, ಹೀಬ್ರೂ ಪಂಚಾಂಗವನ್ನೂ ಸೂರ್ಯಾಸ್ತವನ್ನೂ ನೋಡುವುದಿಲ್ಲ. ಎರಡು, ಮಕ್ಕಳ ಕೈಗೆ ಕೆಲಸ ಕೊಟ್ಟು ದೊಡ್ಡವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿಬಿಡುತ್ತಾರೆ. ಅವರು ಫೋನ್ ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ಕೆಳಗಿನ ಲೆಕ್ಕವೆಲ್ಲ 2026ರ ಬೇಸಿಗೆಯದು, ಸೂರ್ಯನ ಲೆಕ್ಕ ನ್ಯೂಯಾರ್ಕ್‌ನದು.

ಮೊದಲು ಪಂಚಾಂಗ

ದೊಡ್ಡ ಹಾಳೆಯಲ್ಲಿ ಮೂರು ತಿಂಗಳು ಬರೆದು ಮೊದಲು ತಪ್ಪಿಸಬೇಕಾದ ದಿನಗಳಿಗೆ ಗೆರೆ ಎಳೆಯಿರಿ. ಜುಲೈ 2ರಂದು ಹೀಬ್ರೂ ತಿಂಗಳಾದ ತಮ್ಮೂಜ್‌ನ 17ರ ಉಪವಾಸ. ಅಲ್ಲಿಂದ ಜುಲೈ 23ರ ತಿಶಾ ಬಆವ್‌ವರೆಗೆ (ಆವ್ ತಿಂಗಳ ಒಂಬತ್ತನೆಯ ದಿನ) ಮೂರು ವಾರ ಶೋಕದ ಕಾಲ. ಯೆರೂಸಲೇಮಿನ ದೇವಾಲಯ ಎರಡು ಸಲ, ಕ್ರಿ.ಪೂ. 586ರಲ್ಲೂ ಕ್ರಿ.ಶ. 70ರಲ್ಲೂ ನಾಶವಾದದ್ದರ ನೆನಪು ಅದು. ಸಂಪ್ರದಾಯಸ್ಥರಲ್ಲಿ ಈ ಮೂರು ವಾರ ಮದುವೆ, ವಾದ್ಯಸಂಗೀತ ಇರುವುದಿಲ್ಲ. ಜುಲೈ 15ರಿಂದ, ಅಂದರೆ ಆವ್ ತಿಂಗಳ ಮೊದಲ ದಿನದಿಂದ, ಮಾಂಸ ಮತ್ತು ದ್ರಾಕ್ಷಾರಸವೂ ನಿಲ್ಲುತ್ತವೆ (ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನ ಸಬ್ಬತ್ ಬಿಟ್ಟು), ನೀರಾಟವನ್ನೂ ಹಲವರು ಬಿಡುತ್ತಾರೆ. ಸುಧಾರಣಾವಾದಿ ಸಭೆಗಳಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಆದರೂ ಈಜುಕೊಳದ ಪಾರ್ಟಿಯನ್ನು ಜುಲೈ 19ರ ಭಾನುವಾರಕ್ಕೆ ಇಟ್ಟರೆ ಅರ್ಧ ಜನ ಬರುವುದಿಲ್ಲ, ಬಂದವರಿಗೂ ಇರುಸುಮುರುಸು. ಅದನ್ನು ಜುಲೈ 29ಕ್ಕೆ ಹಾಕಿ. ಅಂದು ತು ಬಆವ್. ಪ್ರಾಚೀನ ಕಾಲದಲ್ಲಿ ಹುಡುಗಿಯರು ಒಬ್ಬರದನ್ನೊಬ್ಬರು ಕಡ ಪಡೆದ ಬಿಳಿ ಬಟ್ಟೆ ತೊಟ್ಟು ದ್ರಾಕ್ಷಿತೋಟದಲ್ಲಿ ಕುಣಿಯುತ್ತಿದ್ದರೆಂದು ಯೆಹೂದ್ಯರ ಹಳೆಯ ಧರ್ಮಗ್ರಂಥ ಮಿಶ್ನಾ ಹೇಳುವ ದಿನ. ಉಳ್ಳವರ, ಇಲ್ಲದವರ ಬಟ್ಟೆ ಗುರುತು ಸಿಗಬಾರದೆಂದು ಆ ಕಡದ ಏರ್ಪಾಡು. ಮಕ್ಕಳಿಗೆ ಹೇಳಬೇಕಾದದ್ದು ಇದನ್ನೇ.

ಇನ್ನು ಸೂರ್ಯ. ಜೂನ್ ಕೊನೆಗೆ ಸೂರ್ಯಾಸ್ತ 8:31ಕ್ಕೆ. ಸಬ್ಬತ್ ದೀಪ ಹಚ್ಚುವುದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು, ಅಂದರೆ ರಾತ್ರಿ 8:13. ನಾಲ್ಕು ವರ್ಷದ ಮಗು ಅಷ್ಟು ಹೊತ್ತು ಊಟಕ್ಕೆ ಕಾಯುವುದಿಲ್ಲ. ಇದಕ್ಕೆ ಹಿಂದಿನವರೇ ದಾರಿ ಮಾಡಿಟ್ಟಿದ್ದಾರೆ: ಪ್ಲಗ್ ಹಮಿನ್ಹಾ ಎಂಬ ಹೊತ್ತಿನಿಂದ ಸಬ್ಬತ್ತನ್ನು ಬೇಗ ಬರಮಾಡಿಕೊಳ್ಳಬಹುದು. ಹಗಲನ್ನು 12 ಪಾಲು ಮಾಡಿ, ಸೂರ್ಯಾಸ್ತದಿಂದ ಒಂದೂಕಾಲು ಪಾಲು ಹಿಂದಕ್ಕೆ ಬನ್ನಿ. ಜೂನ್‌ನಲ್ಲಿ ಹಗಲು ಸುಮಾರು 15 ಗಂಟೆ, ಒಂದು ಪಾಲು 75 ನಿಮಿಷ, ಒಂದೂಕಾಲು ಪಾಲೆಂದರೆ 94 ನಿಮಿಷ. ಹತ್ತಿರಹತ್ತಿರ 7 ಗಂಟೆ. ಅದಕ್ಕೂ ಮುಂಚೆ ಹಚ್ಚಿದ ದೀಪ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ 6:30ಕ್ಕೆ ಹಾಡು ಶುರು ಮಾಡಿ 7 ದಾಟಿದ ಮೇಲೆ ದೀಪಕ್ಕೆ ಬನ್ನಿ.

ಪ್ರಾರ್ಥನೆಯನ್ನು ಉದ್ಯಾನದಲ್ಲಿ ಮಾಡುವ ಆಸೆ ಎಲ್ಲರಿಗೂ. ಅಮೆರಿಕದಲ್ಲಿ ಯೆರೂಸಲೇಮಿನತ್ತ ಮುಖ ಎಂದರೆ ಪೂರ್ವಕ್ಕೆ. ಕೂತವರಿಗೆ ಸಂಜೆ ಬಿಸಿಲು ಬೆನ್ನಿಗೆ, ಅವರತ್ತ ತಿರುಗಿ ನಡೆಸುವವರ ಕಣ್ಣಿಗೆ ನೇರ. ಮರದ ನೆರಳು ನಡೆಸುವವರಿಗೆ ಸಿಗುವಂತೆ ಜಾಗ ಹಿಡಿಯಿರಿ. ಇನ್ನೊಂದು: ಸಂಪ್ರದಾಯಸ್ಥ ಸಭೆಯಾದರೆ ಆ ಜಾಗ ಏರುವ್, ಅಂದರೆ ಸಬ್ಬತ್ ದಿನ ಸಾಮಾನು ಹೊರಲೆಂದು ಗುರುತಿಸಿದ ಗಡಿಯೊಳಗಿದೆಯೇ ಎಂದು ರಬ್ಬಿಯನ್ನು (ಸಭೆಯ ಧರ್ಮಗುರು) ಕೇಳಿ. ಗಡಿಯ ಹೊರಗೆ ಸಬ್ಬತ್ ದಿನ ಪುಸ್ತಕ ಹೊರುವಂತಿಲ್ಲ, ಮಗುವಿನ ತಳ್ಳುಗಾಡಿಯನ್ನೂ ತಳ್ಳುವಂತಿಲ್ಲ. ಎಳೆ ಮಕ್ಕಳ ತಾಯಂದಿರು ಬರದೆ ಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹಲ್ಲಾ ರೊಟ್ಟಿ

ಸಬ್ಬತ್ ಊಟಕ್ಕೆ ಎರಡು ಇಡೀ ರೊಟ್ಟಿ ಬೇಕು. ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರೇಲರಿಗೆ ಆಕಾಶದಿಂದ ಬೀಳುತ್ತಿದ್ದ ಮನ್ನ ಎಂಬ ಆಹಾರ ಶುಕ್ರವಾರ ಎರಡು ಪಾಲು ಬೀಳುತ್ತಿತ್ತೆಂಬ, ಬೈಬಲ್ಲಿನ ವಿಮೋಚನಕಾಂಡದ 16ನೆಯ ಅಧ್ಯಾಯದ ನೆನಪು. ಎರಡು ರೊಟ್ಟಿಗೆ ಅಳತೆ ಇಷ್ಟು: ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಉಪ್ಪು 9 ಗ್ರಾಂ, ಜೇನು 60 ಗ್ರಾಂ, ಎಣ್ಣೆ 60 ಮಿ.ಲೀ., ಮೊಟ್ಟೆ 2, ನೀರು 180 ಮಿ.ಲೀ. ಮೇಲೆ ಹಚ್ಚಲು ಇನ್ನೊಂದು ಮೊಟ್ಟೆ, ಉದುರಿಸಲು ಎಳ್ಳು ಅಥವಾ ಗಸಗಸೆ. ಹಾಲು, ಬೆಣ್ಣೆ ಬೇಡ, ಶುಕ್ರವಾರದ ಊಟದಲ್ಲಿ ಮಾಂಸವಿದ್ದರೆ ಜೊತೆಗೆ ಹಾಲಿನದೇನೂ ಸಲ್ಲದು. ಮೊಟ್ಟೆಯನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು ನೋಡಿ ಹಾಕಿ. ರಕ್ತದ ಚುಕ್ಕೆ ಇದ್ದರೆ ಆ ಮೊಟ್ಟೆ ಬೇಡ. ನೇರ ಹಿಟ್ಟಿಗೆ ಒಡೆದರೆ ಇಡೀ ಹಿಟ್ಟೇ ಹೋಗುತ್ತದೆ.

ಮಕ್ಕಳ ತರಗತಿಯಲ್ಲಿ ಕಷ್ಟವಿರುವುದು ಹೊತ್ತಿನದು. ನಾದಿ, ಉಬ್ಬಿಸಿ, ಹೆಣೆದು, ಮತ್ತೆ ಉಬ್ಬಿಸಿ, ಬೇಯಿಸಲು ಮೂರು ಗಂಟೆ ಬೇಕು. ಮಕ್ಕಳು ಒಂದು ಗಂಟೆಯಲ್ಲಿ ಕಂಗಾಲು. ಅದಲುಬದಲು ಉಪಾಯವೇ ಸರಿ. ಗುರುವಾರ ರಾತ್ರಿ ದೊಡ್ಡವರು ಐದು ಅಳತೆ, ಅಂದರೆ 2.5 ಕೆ.ಜಿ. ಮೈದಾದ ಹಿಟ್ಟು ನಾದಿ ಫ್ರಿಜ್‌ನಲ್ಲಿಡಲಿ. ಶುಕ್ರವಾರ ಬೆಳಿಗ್ಗೆ 10:30ಕ್ಕೆ ಬಂದ ಪ್ರತಿ ಜೋಡಿಯೂ, ಒಂದು ಮಗು ಒಬ್ಬ ದೊಡ್ಡವರು, ಅರ್ಧ ಅಳತೆಯ ಹಿಟ್ಟನ್ನು ಹತ್ತು ನಿಮಿಷ ನಾದಿ, ಹೆಸರು ಬರೆದ ಚೀಲದಲ್ಲಿ ಹಾಕಿ ಮನೆಗೆ ಒಯ್ಯಲು ಬದಿಗಿಡಲಿ. ಆಮೇಲೆ ಫ್ರಿಜ್‌ನ ಹಿಟ್ಟು ಮೇಜಿಗೆ ಬರಲಿ, ಹೆಣೆಯಲು ಅದು. ತಣ್ಣನೆಯ ಹಿಟ್ಟು ಕೈಗೆ ಅಂಟುವುದಿಲ್ಲ, ಎಳೆ ಚೆನ್ನಾಗಿ ಉದ್ದವಾಗುತ್ತದೆ.

ಅಷ್ಟು ದೊಡ್ಡ ಮುದ್ದೆಯಿಂದ ಒಂದು ತುಂಡು ತೆಗೆದಿಡುವ ವಿಧಿಯಿದೆ, ಹಫ್ರಶತ್ ಹಲ್ಲಾ. ರೊಟ್ಟಿಗೆ ಹೆಸರು ಬಂದದ್ದೇ ಆ ತುಂಡಿನಿಂದ. ಸಾಮಾನ್ಯ ಲೆಕ್ಕದಲ್ಲಿ ಸುಮಾರು 1.2 ಕೆ.ಜಿ. ಮೈದಾದಿಂದ ಮೇಲೆ ತುಂಡು ತೆಗೆಯಬೇಕು, 1.67 ಕೆ.ಜಿ. ದಾಟಿದರೆ ಮಂತ್ರವನ್ನೂ ಹೇಳಬೇಕು. ಈ ತೂಕ ಸಭೆಯಿಂದ ಸಭೆಗೆ ಬದಲಾಗುತ್ತದೆ, ನಿಮ್ಮ ರಬ್ಬಿಯ ಮಾತೇ ಕೊನೆ. ತೆಗೆದ ತುಂಡನ್ನು ಫಾಯಿಲ್‌ನಲ್ಲಿ ಸುತ್ತಿ, ಒಲೆಯಲ್ಲಿ ಬೇರೇನೂ ಇಲ್ಲದಾಗ ಸುಡಿ. ಮಕ್ಕಳ ಕಣ್ಣು ಅರಳುವುದು ಇಲ್ಲೇ: ತಿನ್ನುವ ಹಿಟ್ಟನ್ನು ಯಾಕೆ ಸುಡುತ್ತಾರೆ ಎಂದು ಕೇಳುತ್ತಾರೆ. ಒಂದು ಕಾಲಕ್ಕೆ ಇದು ಯಾಜಕರ ಪಾಲು, ಈಗ ದೇವಾಲಯವಿಲ್ಲ. ತಿಶಾ ಬಆವ್‌ಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು.

ಮಕ್ಕಳಿಗೆ ತಲಾ 120 ಗ್ರಾಂ ಹಿಟ್ಟು ತೂಗಿ ಕೊಡಿ, 40 ಗ್ರಾಂನ ಮೂರು ಎಳೆ. ಒಂದು ಅಳತೆಗೆ ಏಳು ಮಕ್ಕಳು ಆಗುತ್ತಾರೆ. ಎಳೆಯನ್ನು ನಡುವಿನಿಂದ ಹೊರಕ್ಕೆ ಹೊಸೆದು ಒಂದು ಗೇಣು ಉದ್ದ ಮಾಡಲಿ. ಅರ್ಧಕ್ಕೇ ಹಿಂದಕ್ಕೆ ಸರಿಯುತ್ತಿದ್ದರೆ ಹಿಟ್ಟು ಬಿಗಿದಿದೆ, ಐದು ನಿಮಿಷ ಬಿಟ್ಟು ಮತ್ತೆ ಹೊಸೆಯಿರಿ. ಎಳೆದಾಡಿದರೆ ಹರಿಯುತ್ತದೆ. ಮೇಜಿಗೆ ಒಣ ಹಿಟ್ಟು ಉದುರಿಸಬೇಡಿ, ಎಳೆಗಳು ಒಂದಕ್ಕೊಂದು ಹಿಡಿಯದೆ ಬೆಂದಾಗ ಜಡೆ ಬಿಚ್ಚಿಕೊಳ್ಳುತ್ತದೆ. ಅಂಗೈಗೆ ಎರಡು ಹನಿ ಎಣ್ಣೆ ಸಾಕು. ಜಡೆಯನ್ನು ತುದಿಯಿಂದ ಶುರು ಮಾಡುವ ಬದಲು ನಡುವಿನಿಂದ ಕೆಳಕ್ಕೆ, ಆಮೇಲೆ ತಿರುಗಿಸಿ ಇನ್ನೊಂದು ಕಡೆಗೆ ಹೆಣೆದರೆ ಎರಡೂ ತುದಿ ಸಮ ಬರುತ್ತದೆ. ತಲೆ ಜಡೆ ಹಾಕಿ ಪಳಗಿದ ಅಜ್ಜಿಯರು ಈ ಮೇಜಿನ ಯಜಮಾನಿಯರಾಗಲಿ.

ಬೇಸಿಗೆಯ ದೊಡ್ಡ ತೊಂದರೆ ಹಿಟ್ಟು ಅತಿಯಾಗಿ ಉಬ್ಬುವುದು. ಅಡುಗೆಮನೆ 30 ಡಿಗ್ರಿ ದಾಟಿದ್ದರೆ ಯೀಸ್ಟ್ 5 ಗ್ರಾಂಗೆ ಇಳಿಸಿ, ನೀರು ತಣ್ಣಗಿರಲಿ. ಹೆಣೆದ ಮೇಲೆ ಗಡಿಯಾರ ನೋಡಬೇಡಿ, ಬೆರಳಿನಿಂದ ಮೆಲ್ಲನೆ ಒತ್ತಿ. ಗುಳಿ ನಿಧಾನವಾಗಿ ಅರ್ಧ ಮೇಲೆದ್ದರೆ ಒಲೆಗೆ ಹಾಕುವ ಹೊತ್ತು. ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ, ಬೆಂದ ರೊಟ್ಟಿ ಚಪ್ಪಟೆಯಾಗಿ ಜಡೆಯ ಗೆರೆ ಅಳಿಸಿಹೋಗಿರುತ್ತದೆ. ಮೊಟ್ಟೆಯನ್ನು ಎರಡು ಸಲ ಹಚ್ಚಿ, ಹೆಣೆದ ಕೂಡಲೇ ಒಮ್ಮೆ, ಒಲೆಗಿಡುವ ಮುಂಚೆ ಒಮ್ಮೆ. 180 ಡಿಗ್ರಿಯಲ್ಲಿ ಪುಟ್ಟ ರೊಟ್ಟಿಗೆ 18ರಿಂದ 20 ನಿಮಿಷ, ದೊಡ್ಡದಕ್ಕೆ 28ರಿಂದ 32. ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುವುದು ಜೇನಿನ ಹಿಟ್ಟಿನ ಸ್ವಭಾವ. 15 ನಿಮಿಷಕ್ಕೇ ಬಣ್ಣ ಏರಿದರೆ ಮೇಲೆ ಫಾಯಿಲ್ ಮುಚ್ಚಿ. ಥರ್ಮಾಮೀಟರ್ ಇದ್ದರೆ ಒಳಗೆ 88 ಡಿಗ್ರಿ ಬಂದಾಗ ತೆಗೆಯಿರಿ.

ಸಬ್ಬತ್ ಮಧ್ಯಾಹ್ನದ ಓದು

ವಸಂತದ ಪಸ್ಕಹಬ್ಬದಿಂದ ಹೊಸವರ್ಷದ ಹಬ್ಬ ರೋಶ್ ಹಶಾನಾವರೆಗೆ ಸಬ್ಬತ್ ಮಧ್ಯಾಹ್ನ ಹಿರಿಯರ ನೀತಿಮಾತುಗಳ ಗ್ರಂಥ ಪಿರ್ಕೆ ಅವೋತ್‌ನ ಒಂದೊಂದು ಅಧ್ಯಾಯ ಓದುವ ರೂಢಿ ಹಳೆಯದು. ಆರು ಅಧ್ಯಾಯ, ಆರು ವಾರ, ಮತ್ತೆ ಮೊದಲಿನಿಂದ. ಕುಟುಂಬಕ್ಕೆ ಇಡೀ ಅಧ್ಯಾಯ ಭಾರ, ಒಂದು ವಾಕ್ಯ ಸಾಕು. ನಾಲ್ಕನೆಯ ಅಧ್ಯಾಯದ ಆರಂಭ ಹೇಳಿ ಮಾಡಿಸಿದಂತಿದೆ: ಜ್ಞಾನಿ ಯಾರು, ಬಲಶಾಲಿ ಯಾರು, ಸಿರಿವಂತ ಯಾರು, ಗೌರವಸ್ಥ ಯಾರು ಎಂದು ಪ್ರಾಚೀನ ಪಂಡಿತ ಬೆನ್ ಜೋಮಾ ನಾಲ್ಕು ಪ್ರಶ್ನೆ ಕೇಳಿ ತಾನೇ ಉತ್ತರ ಕೊಡುತ್ತಾನೆ. ಸಬ್ಬತ್ ದಿನ ಬರೆಯುವಂತಿಲ್ಲ, ಕತ್ತರಿಸುವಂತಿಲ್ಲ. ಶುಕ್ರವಾರವೇ ಎಂಟು ಕಾರ್ಡ್ ಮಾಡಿಡಿ, ನಾಲ್ಕರಲ್ಲಿ ಪ್ರಶ್ನೆ, ನಾಲ್ಕರಲ್ಲಿ ಉತ್ತರ, ಮಗು ಜೋಡಿಸಲಿ. ಅಪ್ಪ ಅಮ್ಮಂದಿರು ಎರಡನೇ ನಿಮಿಷಕ್ಕೇ ಉತ್ತರ ಹೇಳಿಬಿಡುತ್ತಾರೆ, ಇದಂತೂ ತಪ್ಪಿದ್ದಲ್ಲ. ಮಕ್ಕಳನ್ನು ಪಕ್ಕದ ಕುಟುಂಬದೊಂದಿಗೆ ಅದಲುಬದಲು ಮಾಡಿ ಕೂರಿಸಿ. ಬೇರೆಯವರ ಮಗುವಿನ ಮಾತನ್ನು ಎಲ್ಲರೂ ತಾಳ್ಮೆಯಿಂದ ಕೇಳುತ್ತಾರೆ. ಹನ್ನೆರಡು ನಿಮಿಷಕ್ಕೆ ನಿಲ್ಲಿಸಿ.

ಒಲೆ ಬೇಡವಾದ ದಿನ: ಮಲೀದಾ

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದ್ಯರು ಪ್ರವಾದಿ ಎಲೀಯನ ನೆನಪಿನಲ್ಲಿ ಮಾಡುವ ಮಲೀದಾ ನಮಗೆ ಪರಿಚಿತ ತಿಂಡಿಯೇ, ಸಿಹಿ ಅವಲಕ್ಕಿ. ತೊಳೆದು ಬಸಿದ ಗಟ್ಟಿ ಅವಲಕ್ಕಿ 250 ಗ್ರಾಂ, ತುರಿದ ತೆಂಗಿನಕಾಯಿ ಒಂದು ಬಟ್ಟಲು, ಸಕ್ಕರೆ 100 ಗ್ರಾಂ, ಏಲಕ್ಕಿ, ದ್ರಾಕ್ಷಿ, ಬಾದಾಮಿ, ಸುತ್ತ ಹಣ್ಣುಗಳು. ನೆನೆಹಾಕಿದರೆ ಮುದ್ದೆಯಾಗುತ್ತದೆ, ತೊಳೆದು ಹತ್ತು ನಿಮಿಷ ಜರಡಿಯಲ್ಲಿ ಬಿಟ್ಟರೆ ಸಾಕು. ಹಸಿ ಕಾಯಿ ಬಿಸಿಲಲ್ಲಿ ಎರಡು ಗಂಟೆ ಮೀರಿ ಇರಬಾರದು. ಇದೇ ಸಮುದಾಯದ ಸ್ಯಾಮುಯೆಲ್ ದಿವೇಕರ್, ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಬಿಡುಗಡೆಯಾಗಿ ಬಂದ ಮೇಲೆ, 1796ರಲ್ಲಿ ಮುಂಬೈಯ ಶಾರ್ ಹರಹಮೀಮ್ ಸಭಾಮಂದಿರ ಕಟ್ಟಿಸಿದರು. ಆ ಹೆಸರಿನ ಅರ್ಥ ಕರುಣೆಯ ಬಾಗಿಲು. ಕಲಸುವಾಗ ಹೇಳಲು ಮಕ್ಕಳಿಗೆ ಇಷ್ಟು ಸಾಕು.

ನೆರೆಮನೆಯವರು ಕರೆದರೆಂದು ಹೋಗುವ ಕನ್ನಡಿಗರಿಗೂ ಒಂದು ಮಾತು: ಪ್ರೀತಿಯಿಂದ ಮನೆಯಲ್ಲೇ ಮಾಡಿದ ತಿಂಡಿಯನ್ನು ಸಭಾಮಂದಿರಕ್ಕೆ ಒಯ್ಯಬೇಡಿ. ಬರೀ ಸಸ್ಯಾಹಾರವಾದರೂ ಅಲ್ಲಿನ ಕೋಷರ್ (ಯೆಹೂದ್ಯ ಆಹಾರನಿಯಮ ಪಾಲಿಸುವ) ಅಡುಗೆಮನೆಯಲ್ಲಿ ಇಳಿಸಲಾಗದು. ಇಡೀ ಹಣ್ಣು ಒಯ್ಯಬಹುದು, ಅದೂ ಕೇಳಿಕೊಂಡು.

ಹಾವ್ದಾಲಾ ಮೇಣದಬತ್ತಿ

ಸಬ್ಬತ್ ಮುಗಿದಾಗ ಹಚ್ಚುವ ಬತ್ತಿಗೆ ಒಂದಕ್ಕಿಂತ ಹೆಚ್ಚು ಎಳೆ ಬೇಕು, ಪಂಜಿನಂತೆ ಉರಿಯಬೇಕು. ಜೇನುಮೇಣದ ಹಾಳೆ ಸುಮಾರು 20×40 ಸೆಂ.ಮೀ. ಅಳತೆಯಲ್ಲಿ ಸಿಗುತ್ತದೆ. ಉದ್ದಕ್ಕೆ 4 ಸೆಂ.ಮೀ. ಅಗಲದ ಐದು ಪಟ್ಟಿ ಕತ್ತರಿಸಿ. ಒಂದು ಬತ್ತಿಗೆ ಮೂರು ಪಟ್ಟಿ, ಐದು ಹಾಳೆಗೆ ಎಂಟು ಬತ್ತಿ. ಪಟ್ಟಿಯ ಉದ್ದನೆಯ ಅಂಚಿಗೆ 45 ಸೆಂ.ಮೀ. ಹತ್ತಿ ಬತ್ತಿ ಇಟ್ಟು ಬಿಗಿಯಾಗಿ ಸುರುಳಿ ಸುತ್ತಿ. ಸಡಿಲ ಸುತ್ತಿದರೆ ಗಾಳಿ ಉಳಿದು ಬತ್ತಿ ಬೇಗ ಕರಗಿ ಸೋರುತ್ತದೆ. ಮೂರನ್ನೂ ಜಡೆ ಹೆಣೆದು, ತುದಿಯ ಎಳೆಗಳನ್ನು ಸೇರಿಸಿ ಹಿಂಡಿ, ಉರಿ ಒಂದೇ ಆಗಲಿ.

ಎ.ಸಿ. ಕೋಣೆಯಲ್ಲಿ ಮೇಣ ಬಿರಿಯುತ್ತದೆ. ಹೆಣೆಯುವ ಮುಂಚೆ ಹೇರ್ ಡ್ರೈಯರ್ ಅರ್ಧ ನಿಮಿಷ ದೂರದಿಂದ ಹಿಡಿಯಿರಿ, ಇಲ್ಲವೇ ಅಂಗೈ ನಡುವೆ ಬೆಚ್ಚಗೆ ಮಾಡಿ. ಅದೇ ಹಾಳೆಯನ್ನು ಮಧ್ಯಾಹ್ನ ಕಾರಿನಲ್ಲಿ ಬಿಟ್ಟರೆ ಒಂದಕ್ಕೊಂದು ಅಂಟಿ ಹೋಗಿರುತ್ತದೆ.

ಹಚ್ಚುವುದು ಯಾವಾಗ? ಜೂನ್‌ನಲ್ಲಿ ನಕ್ಷತ್ರ ಮೂಡುವಾಗ ಒಂಬತ್ತೂಕಾಲು, ಮಕ್ಕಳು ನಿದ್ದೆಯಲ್ಲಿ. ಬತ್ತಿ ಮಾಡುವುದು ಯಾವ ಭಾನುವಾರವಾದರೂ ಸರಿ, ಎಲ್ಲರೂ ಸೇರಿ ಹಚ್ಚುವುದು ಆಗಸ್ಟ್ 29ಕ್ಕೆ ಇರಲಿ. ಅಂದು ಸೂರ್ಯಾಸ್ತ ಏಳೂವರೆಗೇ. ಉರಿ ಒಂದು ಗೇಣು ಎದ್ದೀತು, ಕೆಳಗೆ ತಟ್ಟೆ ಇರಲಿ, ಉದ್ದ ಕೂದಲು ಕಟ್ಟಿರಲಿ, ಬತ್ತಿ ದೊಡ್ಡವರ ಕೈಯಲ್ಲೇ ಇರಲಿ. ಮಗುವಿನ ಕೆಲಸ ಬೆರಳು ಮಡಿಸಿ ಉಗುರಿನ ಮೇಲೆ ಬೆಳಕು ಹೇಗೆ ಆಡುತ್ತದೆಂದು ನೋಡುವುದು.

ಕೊಂಬು

ರೋಶ್ ಹಶಾನಾಕ್ಕೆ ಮುಂಚಿನ ಎಲುಲ್ ತಿಂಗಳು ಆಗಸ್ಟ್ 14ಕ್ಕೆ ಶುರು. ಅಂದಿನಿಂದ ಸಬ್ಬತ್ ಬಿಟ್ಟು ಪ್ರತಿ ಬೆಳಿಗ್ಗೆ ಶೋಫಾರ್ ಎಂಬ ಕೊಂಬು ಊದುತ್ತಾರೆ. ಎಲ್ಲ ಮಕ್ಕಳಿಗೂ ಟಗರಿನ ಕೊಂಬು ಕೊಳ್ಳಲಾಗದು, ಕೊಂಡರೂ ಒಂದನ್ನೇ ಹತ್ತು ಬಾಯಿಗೆ ಕೊಡುವುದು ಸರಿಯಲ್ಲ. ತೋಟದ ಪೈಪನ್ನು 60 ಸೆಂ.ಮೀ. ತುಂಡು ಮಾಡಿ, ಒಂದು ತುದಿಗೆ ಆಲಿಕೆ ತುರುಕಿ ಟೇಪ್ ಸುತ್ತಿ. ಕೊಂಬಿಗೆ ಬೇಕಾದ ತುಟಿಯ ಅಭ್ಯಾಸ ಇದರಲ್ಲೇ ಆಗುತ್ತದೆ. ಊದಿದರೆ ಬರೀ ಗಾಳಿ ಹೋಗುತ್ತದೆ. ತುಟಿ ಬಿಗಿದು, ನೊಣ ಗುಂಯ್ಗುಟ್ಟುವಂತೆ ಅದುರಿಸಬೇಕು. ಕೆನ್ನೆ ಉಬ್ಬಿದ್ದರೆ ಸದ್ದು ಸರಿಯಾಗಿ ಬರದು. ತೆಕಿಯಾ ಒಂದೇ ಉದ್ದನೆಯ ಸ್ವರ, ಶೆವಾರೀಮ್ ಮೂರು ನಿಟ್ಟುಸಿರು, ತೆರುವಾ ಒಂಬತ್ತು ಪುಟ್ಟ ಬಿಕ್ಕಳಿಕೆ. ಮಗು ಊದಲಿ, ಅಪ್ಪ ಎಣಿಸಲಿ, ಆಮೇಲೆ ಪಾತ್ರ ಬದಲಾಗಲಿ. ಹೆಚ್ಚಾಗಿ ಮಗುವಿಗೇ ಮೊದಲು ಬರುತ್ತದೆ.

ಈ ವರ್ಷ ಒಂದು ತೊಡಕಿದೆ, ಈಗಲೇ ಎಲ್ಲ ಮನೆಗೂ ತಿಳಿಸಿಡಿ. ರೋಶ್ ಹಶಾನಾದ ಮೊದಲ ದಿನ ಸೆಪ್ಟೆಂಬರ್ 12, ಶನಿವಾರ. ಸಂಪ್ರದಾಯಸ್ಥ ಸಭೆಗಳಲ್ಲಿ ಅಂದು ಕೊಂಬು ಊದುವುದಿಲ್ಲ, ಹಿಂದಿನ ಬೆಳಿಗ್ಗೆಯೂ ಊದುವ ಪದ್ಧತಿಯಿಲ್ಲ. ಬೇಸಿಗೆಯೆಲ್ಲ ಪೈಪು ಊದಿ ಕಾದ ಮಗುವನ್ನು ಮೊದಲ ದಿನಕ್ಕೆ ಮಾತ್ರ ಕರೆತಂದರೆ ನಿಜವಾದ ಕೊಂಬು ಕೇಳದೆ ಮನೆಗೆ ಹೋಗುತ್ತದೆ. 13ರ ಭಾನುವಾರಕ್ಕೆ ಕರೆಯಿರಿ.